ಸಹಾಯ ಬೇಕು: ನಿವೃತ್ತಿ ವೇಳೆಯ ಗಳಿಕೆ ರಜೆ ನಗದೀಕರಣಕ್ಕೂ ಟಿಡಿಎಸ್ ಹಿಡಿದಿದ್ದಾರೆ
ಎಲ್ಲರಿಗೂ ನಮಸ್ಕಾರ. ರಾಜ್ಯ ಸರ್ಕಾರಿ ಸೇವೆಯಿಂದ 2025ರ ಜನವರಿಯಲ್ಲಿ ವಯೋನಿವೃತ್ತರಾದವರೊಬ್ಬರ ವಿಷಯ. ಡಿಸಿಆರ್‌ಜಿ (ನಿವೃತ್ತಿ ಉಪದಾನ), ಪಿಂಚಣಿ ಪರಿವರ್ತನೆ ಮೊತ್ತ (ಪಿಂಚಣಿಯ ಒಂದು ಭಾಗಕ್ಕೆ ಬದಲಾಗಿ ಒಟ್ಟಿಗೇ ಸಿಗುವ ಹಣ), ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ) ಮೂರಕ್ಕೂ ತೆರಿಗೆ ಇಲ್ಲ, ಅದರಲ್ಲಿ ಗೊಂದಲವಿಲ್ಲ. ತಿಂಗಳ ಪಿಂಚಣಿ ಮಾತ್ರ ಸಂಬಳದಂತೆಯೇ ತೆರಿಗೆಗೆ ಒಳಪಡುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಅದಕ್ಕೂ ಸಂಬಳಕ್ಕೂ ಸೇರಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ.

ತೊಡಕಿರುವುದು ಗಳಿಕೆ ರಜೆ ನಗದೀಕರಣದಲ್ಲಿ (ಬಳಸದೆ ಉಳಿದ ರಜೆಗೆ ಹಣ ಪಡೆಯುವುದು). ಸೇವೆಯಲ್ಲಿದ್ದಾಗ ಪಡೆದ 15 ದಿನಗಳ ನಗದೀಕರಣಕ್ಕೆ ತೆರಿಗೆ ಇದೆ. ನಿವೃತ್ತಿ ವೇಳೆ ಕೊಟ್ಟ 300 ದಿನಗಳ ಮೊತ್ತ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(10ಎಎ) ಪ್ರಕಾರ ಪೂರ್ತಿ ವಿನಾಯಿತಿ, ಹೊಸ ಪದ್ಧತಿಯಲ್ಲೂ. (25 ಲಕ್ಷದ ಮಿತಿ ನಿಗಮ, ಬ್ಯಾಂಕ್, ಖಾಸಗಿ ನೌಕರರಿಗೆ, ದಯವಿಟ್ಟು ಇಲ್ಲಿಗೆ ತರಬೇಡಿ.) ಫಾರ್ಮ್ 16ರಲ್ಲಿ (ಕಚೇರಿ ಕೊಡುವ ಸಂಬಳ–ಟಿಡಿಎಸ್ ಪ್ರಮಾಣಪತ್ರ) ಈ ಎರಡೂ ನಗದೀಕರಣಗಳನ್ನು ಒಂದೇ ಸಾಲಿಗೆ ಸೇರಿಸಿ ತೆರಿಗೆ ಲೆಕ್ಕ ಹಾಕಿದ್ದಾರೆ.

ಡಿಡಿಒ (ಸಂಬಳ ಬಿಲ್ ಮಾಡುವ ಅಧಿಕಾರಿ) 24ಕ್ಯೂ (ಸಂಬಳದ ಟಿಡಿಎಸ್ ವಿವರಪಟ್ಟಿ) ತಿದ್ದುಪಡಿ ಸಲ್ಲಿಸಿ ಹೊಸ ಫಾರ್ಮ್ 16 ಕೊಡುವವರೆಗೆ ಕಾಯಬೇಕೇ? ಅಥವಾ ರಿಟರ್ನ್‌ನಲ್ಲೇ ವಿನಾಯಿತಿ ತೋರಿಸಿ ರೀಫಂಡ್ ಕೇಳಬಹುದೇ? ಫಾರ್ಮ್ 16ಕ್ಕೆ ತಾಳೆಯಾಗದ ಕಾರಣ ತೆರಿಗೆ ಇಲಾಖೆಯಿಂದ 143(1)(ಎ) ಸೂಚನೆ (ರಿಟರ್ನ್‌ನ ಲೆಕ್ಕ ಬದಲಿಸುವ ಪ್ರಸ್ತಾವ) ಬಂದರೆ, ನಗದೀಕರಣದ ಮಂಜೂರಾತಿ ಆದೇಶ ಮತ್ತು ಬಿಲ್ಲಿನ ಪ್ರತಿ ಸಾಕೇ? ಇಂಥ ಪ್ರಕರಣ ನಿಭಾಯಿಸಿದ ಖಜಾನೆ ಸಿಬ್ಬಂದಿ, ತೆರಿಗೆ ಸಲಹೆಗಾರರು ದಯವಿಟ್ಟು ತಿಳಿಸಿ.