ಆ್ಯಪ್ ಮುಚ್ಚಿದ್ದಾಗ ನೋಟಿಫಿಕೇಶನ್ ಬರುತ್ತದೆ, ಡೇಟಾ ಸೇವ್ ಆಗುತ್ತಿಲ್ಲ

ಪ್ರಶ್ನೆ:
ತೋಟದ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ಅಪ್ಪನ ಫೋನಿಗೆ ತಿಳಿಸುವ ಸಣ್ಣ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ಭಾಷೆ ಕೋಟ್ಲಿನ್, ಸರ್ವರ್‌ನಿಂದ ಫೋನಿಗೆ ಮೆಸೇಜ್ ಕಳಿಸಲು ಫೈರ್‌ಬೇಸ್ ಮೆಸೇಜಿಂಗ್. ಕರೆಂಟ್ ಬಂದ ಹೊತ್ತು ಫೋನಿನೊಳಗಿನ ರೂಮ್ ಡೇಟಾಬೇಸ್‌ನಲ್ಲೂ ಸೇವ್ ಆಗಬೇಕು. ಆ್ಯಪ್ ತೆರೆದಿದ್ದರೆ ಎಲ್ಲ ಸರಿ. ಮುಚ್ಚಿದ್ದರೆ ನೋಟಿಫಿಕೇಶನ್ ಬರುತ್ತದೆ, ಪಟ್ಟಿ ಮಾತ್ರ ಖಾಲಿ. ಮೆಸೇಜ್ ಬಂದಾಗ ಓಡಬೇಕಾದ ಆನ್‌ಮೆಸೇಜ್‌ರಿಸೀವ್ಡ್ ಫಂಕ್ಷನ್ನಿನ ಮೊದಲ ಸಾಲಿಗೇ ಲಾಗ್ ಹಾಕಿದೆ, ಅದೂ ಬೀಳುತ್ತಿಲ್ಲ. ಎರಡು ದಿನ ಇದಕ್ಕೇ ಹೋಯಿತು.

ಉತ್ತರ:
ಸರ್ವರ್ ಕಳಿಸುವ ಮೆಸೇಜಿನಲ್ಲಿ ‘ನೋಟಿಫಿಕೇಶನ್’ ಬ್ಲಾಕ್ ಇದೆ ಅಲ್ವಾ? ಅದಿದ್ದರೆ, ಆ್ಯಪ್ ಹಿನ್ನೆಲೆಯಲ್ಲಿರುವಾಗ ನಿಮ್ಮ ಕೋಡನ್ನು ಯಾರೂ ಕರೆಯುವುದಿಲ್ಲ. ಫೈರ್‌ಬೇಸ್ ತಾನೇ ನೋಟಿಫಿಕೇಶನ್ ತೋರಿಸಿ ಸುಮ್ಮನಾಗುತ್ತದೆ. ಜೊತೆಗಿದ್ದ ಡೇಟಾ, ಅಪ್ಪ ನೋಟಿಫಿಕೇಶನ್ ಒತ್ತಿದಾಗ ಮಾತ್ರ, ತೆರೆಯುವ ಪರದೆಗೆ (ಆ್ಯಕ್ಟಿವಿಟಿ) ಬರುವ ಇಂಟೆಂಟ್‌ನಲ್ಲಿ ಸಿಗುತ್ತದೆ. ಒತ್ತದೆ ಪಕ್ಕಕ್ಕೆ ಸರಿಸಿದರೆ ಹೋಯಿತು.

ಆ ಬ್ಲಾಕ್ ತೆಗೆದುಹಾಕಿ, ಎಲ್ಲವನ್ನೂ ‘ಡೇಟಾ’ ಒಳಗೆ ಇಡಿ. ಅಲ್ಲಿ ಅಂಕಿಗಳನ್ನೂ ಸ್ಟ್ರಿಂಗ್ ಆಗಿಯೇ ಕಳಿಸಬೇಕು. ‘ಆಂಡ್ರಾಯ್ಡ್’ ಬ್ಲಾಕ್‌ನಲ್ಲಿ ಪ್ರಯಾರಿಟಿ ‘ಹೈ’ ಮಾಡಿ. ಇಲ್ಲದಿದ್ದರೆ ರಾತ್ರಿ ಫೋನ್ ಡೋಜ್‌ಗೆ (ಬ್ಯಾಟರಿ ಉಳಿಸುವ ನಿದ್ದೆಗೆ) ಹೋದಾಗ ಮೆಸೇಜ್ ತಡವಾಗುತ್ತದೆ. ಕರೆಂಟ್ ಹೋದ ಮೇಲೆ ಸುದ್ದಿ ಬಂದು ಏನು ಪ್ರಯೋಜನ?

ಇನ್ನೊಂದು ಮಾತು. ಆನ್‌ಮೆಸೇಜ್‌ರಿಸೀವ್ಡ್ ಓಡುವುದೇ ಹಿನ್ನೆಲೆ ಥ್ರೆಡ್‌ನಲ್ಲಿ. ಅಲ್ಲಿ ಕೊರೂಟೀನ್ (ಬೇರೆಯಾಗಿ ಓಡುವ ಕೆಲಸ) ಲಾಂಚ್ ಮಾಡಿ ಹೊರಬರಬೇಡಿ, ಬರೆದು ಮುಗಿಯುವ ಮೊದಲೇ ಪ್ರೋಸೆಸ್ ಸಾಯಬಹುದು. ರೂಮ್‌ಗೆ ನೇರವಾಗಿ ಬರೆಯಿರಿ. ಜಾಸ್ತಿ ಹೊತ್ತು ಹಿಡಿಯುವ ಕೆಲಸವಿದ್ದರೆ ಹಿನ್ನೆಲೆ ಕೆಲಸ ನೋಡಿಕೊಳ್ಳುವ ವರ್ಕ್‌ಮ್ಯಾನೇಜರ್‌ಗೆ ಕೊಡಿ.

ಪ್ರಶ್ನೆ ಕೇಳಿದವರು:
ಈಗ ಸೇವ್ ಆಗುತ್ತಿದೆ, ತುಂಬಾ ಥ್ಯಾಂಕ್ಸ್! ಆದರೆ ನೋಟಿಫಿಕೇಶನ್ನೇ ಕಾಣುತ್ತಿಲ್ಲ. ಅನುಮತಿ ಕೊಟ್ಟೇ ಇದೆ. ಲಾಗ್ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ‘ನೋ ಚಾನೆಲ್ ಫೌಂಡ್’ ಅಂತ ಬರುತ್ತಿದೆ.

ಉತ್ತರ:
ಆಂಡ್ರಾಯ್ಡ್ 8ರಿಂದ ಚಾನೆಲ್ (ನೋಟಿಫಿಕೇಶನ್‌ಗಳ ವಿಭಾಗ) ಇಲ್ಲದೆ ನೋಟಿಫಿಕೇಶನ್ ತೋರಿಸುವುದಿಲ್ಲ. ಇಷ್ಟು ದಿನ ಫೈರ್‌ಬೇಸ್ ತನ್ನದೇ ಚಾನೆಲ್ ಮಾಡಿಕೊಂಡು ತೋರಿಸುತ್ತಿತ್ತು, ಈಗ ತೋರಿಸುವವರು ನೀವು. ಅಪ್ಲಿಕೇಶನ್ ಕ್ಲಾಸಿನ ಆನ್‌ಕ್ರಿಯೇಟ್‌ನಲ್ಲೇ ಚಾನೆಲ್ ಮಾಡಿ. ಇಂಪಾರ್ಟೆನ್ಸ್ ‘ಹೈ’ ಅಂತ ಮೊದಲ ಸಲವೇ ಕೊಡಿ, ಆಮೇಲೆ ಕೋಡ್‌ನಿಂದ ಏರಿಸಲು ಆಗುವುದಿಲ್ಲ. ಮತ್ತೆ ಅಪ್ಪನಿಗೆ ಹೇಳಿ, ಸೆಟ್ಟಿಂಗ್ಸ್‌ಗೆ ಹೋಗಿ ಫೋರ್ಸ್ ಸ್ಟಾಪ್ ಒತ್ತುವುದು ಬೇಡ. ಒತ್ತಿದರೆ, ಮತ್ತೆ ಆ್ಯಪ್ ತೆರೆಯುವವರೆಗೆ ಏನೂ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಚಾನೆಲ್ ಹಾಕಿದೆ. ನಿನ್ನೆ ರಾತ್ರಿ 2:10ಕ್ಕೆ ಕರೆಂಟ್ ಬಂತು, ಫೋನ್ ಬಡಿದುಕೊಂಡಿತು, ಅಪ್ಪ ಎದ್ದು ಮೋಟಾರ್ ಹಾಕಿ ಬಂದರು. ಪಟ್ಟಿಯಲ್ಲೂ 2:10 ಅಂತಲೇ ಇದೆ.