ಬಿಸ್‌ಪೈರಿಬ್ಯಾಕ್ ಹೊಡೆದರೂ ಭತ್ತದಲ್ಲಿ ಹುಲ್ಲು ಸಾಯುತ್ತಿಲ್ಲ

ಪ್ರಶ್ನೆ: ನಾಟಿ ಭತ್ತಕ್ಕೆ ಬಿಸ್‌ಪೈರಿಬ್ಯಾಕ್ ಸೋಡಿಯಂ 10% ಕಳೆನಾಶಕ ಎಕರೆಗೆ 100 ಮಿ.ಲೀ. ಹೊಡೆದು 15 ದಿನ ಆಯ್ತು, ಹುಲ್ಲು ಹಾಗೇ ನಿಂತಿದೆ. ಇನ್ನೊಂದು ಕಳೆನಾಶಕ ಪೆನಾಕ್ಸುಲಮ್ ಹೊಡೆಯಲೇ?

ಉತ್ತರ 1: ಬೇಡ ಅಣ್ಣ. ಎರಡೂ ತಡೆಯುವುದು ಗಿಡದ ಬೆಳವಣಿಗೆಗೆ ಬೇಕಾದ ಎಎಲ್‌ಎಸ್ ಎಂಬ ಒಂದೇ ಕಿಣ್ವವನ್ನು; ಒಂದಕ್ಕೆ ಬಗ್ಗದ ಹುಲ್ಲು ಇನ್ನೊಂದಕ್ಕೂ ಬಗ್ಗದಿರಬಹುದು. ಮೊದಲು ಗದ್ದೆಗಿಳಿದು ನೋಡಿ: ಪಟ್ಟೆಪಟ್ಟೆಯಾಗಿ ಉಳಿದಿದ್ದರೆ ಸಿಂಪಡಣೆಯ ತಪ್ಪು. ಸತ್ತ ಗಿಡದ ಪಕ್ಕದಲ್ಲೇ ಅದೇ ಜಾತಿಯ, ಅದೇ ವಯಸ್ಸಿನ ಗಿಡ ಹಸಿರಾಗಿದ್ದರೆ ನಿರೋಧಕತೆಯ (ಔಷಧಿಗೆ ಬಗ್ಗದ ಗುಣದ) ಅನುಮಾನ.

ಉತ್ತರ 2: ನೀರು ಬಸಿದು ಹೊಡೆದಿರಾ? ಹುಲ್ಲಿಗೆ 3–4 ಎಲೆ ಇರುವಾಗಲೇ ಹೊಡೆದು, ಎರಡು ದಿನದೊಳಗೆ ನೀರು ಕಟ್ಟಬೇಕು. ಉಳಿದದ್ದನ್ನು ಬೀಜ ಉದುರುವ ಮುಂಚೆ ಕಿತ್ತುಹಾಕಿ. ಕೀಳುವಾಗ ಗುರುತು ಹೀಗೆ: ಭತ್ತದ ಎಲೆ ಬುಡದಲ್ಲಿ ಬಿಳಿ ಪೊರೆಯಿರುತ್ತದೆ, ಭತ್ತದಂತೆಯೇ ಕಾಣುವ ಎಕಿನೋಕ್ಲೋವಾ ಹುಲ್ಲಿಗಿಲ್ಲ.

ಉತ್ತರ 1: ಮುಂದಿನ ಬೆಳೆಗೆ ನಾಟಿಯಾಗಿ 5 ದಿನದೊಳಗೆ ಪ್ರೆಟಿಲಾಕ್ಲೋರ್ 50% ಎಕರೆಗೆ 600 ಮಿ.ಲೀ. ಹಾಕಿ, ಅದು ಬೇರೆ ಗುಂಪಿನ ಕಳೆನಾಶಕ, ಎಎಲ್‌ಎಸ್ ತಡೆಯುವಂಥದ್ದಲ್ಲ.