ಪಿರಮಿಡ್ ವಿಡಿಯೊ ಬಗ್ಗೆ ನನ್ನ ಮಾತು

ಚಿಕ್ಕಮ್ಮ, ನೀವು ನಿನ್ನೆ ಗ್ರೂಪಿಗೆ ಹಾಕಿದ ವಿಡಿಯೊ ಪೂರ್ತಿ ನೋಡಿದೆ. ಪಿರಮಿಡ್ ಕಟ್ಟಿದ್ದು ಬೇರೆ ಗ್ರಹದವರು, ಮನುಷ್ಯರ ಕೈಲಿ ಆಗುವ ಕೆಲಸವೇ ಅಲ್ಲ ಅಂತ ಅದರಲ್ಲಿ ಹೇಳುತ್ತಾರೆ. ಅದಕ್ಕೆ ಮಾವ, "ಸುಳ್ಳು, ಗುಲಾಮರಿಗೆ ಚಾಟಿ ಬೀಸಿ ಕಟ್ಟಿಸಿದ್ದು" ಅಂತ ಬರೆದಿದ್ದಾರೆ. ಎರಡೂ ಸರಿಯಲ್ಲ ಮಾವ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕೊನೆವರೆಗೂ ಕೇಳಿ.

ಊರಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿ ಜೇಬಲ್ಲಿ ಒಂದು ಚಿಕ್ಕ ಪುಸ್ತಕ ಇರುತ್ತಿತ್ತು, ನೆನಪಿದೆಯಾ? ಇವತ್ತು ಎಷ್ಟು ಲೋಡ್ ಕಲ್ಲು ಬಂತು, ಯಾರು ಬಂದರು ಅಂತ ಅದರಲ್ಲಿ ಬರೆಯುತ್ತಿದ್ದರು. ಅಂಥದ್ದೇ ಲೆಕ್ಕ ಈಜಿಪ್ಟಿನಲ್ಲೂ ಸಿಕ್ಕಿದೆ! 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್ ಅನ್ನುವ ಜಾಗದಲ್ಲಿ, ಫ್ರಾನ್ಸಿನ ಪುರಾತತ್ವ ತಜ್ಞ ಪಿಯರ್ ಟಾಲೆ ಅವರ ತಂಡಕ್ಕೆ. ಸುಮಾರು 4,500 ವರ್ಷ ಹಳೆಯ ಪಪೈರಸ್ ಹಾಳೆಗಳು, ಅಂದರೆ ಜೊಂಡಿನಿಂದ ಮಾಡಿದ ಕಾಗದ. ಅವುಗಳಲ್ಲಿ ಬರೆದಿರುವುದು ಮೆರೆರ್ ಅನ್ನುವ ಮೇಸ್ತ್ರಿಯ ತಂಡ ದಿನಾ ಮಾಡಿದ ಕೆಲಸ. ಅವನ ಕೈಕೆಳಗೆ ಸುಮಾರು 40 ಜನ ಇದ್ದರು.

ಏನಿದೆ ಅದರಲ್ಲಿ? ಒಂದು ದಿನ ನೈಲ್ ನದಿಯ ಆಚೆ ದಡದ ತುರಾ ಅನ್ನುವ ಊರಿನ ಕಲ್ಲುಗಣಿಯಲ್ಲಿ ಕೆಲಸ, ರಾತ್ರಿ ಅಲ್ಲೇ. ಮಾರನೇ ದಿನ ದೋಣಿಗೆ ಕಲ್ಲು ತುಂಬಿಕೊಂಡು ಹೊರಟರು, ರಾತ್ರಿ ದಾರಿಯಲ್ಲಿ ತಂಗಿದರು. ಅದರ ಮಾರನೇ ದಿನ ಖುಫು ರಾಜನ ಪಿರಮಿಡ್ ಹತ್ತಿರ ಬಂದರು. ಆಮೇಲೆ ಖಾಲಿ ದೋಣಿಯಲ್ಲಿ ವಾಪಸ್, ಮತ್ತೆ ಅದೇ. ಹತ್ತು ದಿನಕ್ಕೆ ಎರಡು ಮೂರು ಟ್ರಿಪ್. ರೊಟ್ಟಿ, ಧಾನ್ಯದ ಲೆಕ್ಕದ ಹಾಳೆಗಳೂ ಜೊತೆಗೆ ಸಿಕ್ಕಿವೆ. ಆ ದೊಡ್ಡ ಪಿರಮಿಡ್‌ನ ಹೊರಮೈಗೆ ಹಾಕಿದ್ದ ಬಿಳಿ ಕಲ್ಲು ಹೀಗೇ ಬಂದದ್ದು. ಓದಿದಾಗ ನನಗೆ ಮೈ ಜುಮ್ಮೆಂದಿತು.

ಇನ್ನು ಗುಲಾಮರ ಮಾತು. 1990ರಲ್ಲಿ ಈ ಪಿರಮಿಡ್ ಇರುವ ಗೀಜಾದಲ್ಲಿ ಒಂದು ಕುದುರೆ ಎಡವಿದ ಕಡೆ ಹಳೇ ಮಣ್ಣಿನ ಇಟ್ಟಿಗೆ ಗೋಡೆ ಕಂಡಿತು. ಅಗೆದರೆ ಕೆಲಸಗಾರರ ಸಮಾಧಿಗಳು, ರಾಜನ ಪಿರಮಿಡ್ ಪಕ್ಕದಲ್ಲೇ! ಗುಲಾಮರನ್ನು ಯಾರಾದರೂ ಅಲ್ಲಿ ಮಣ್ಣು ಮಾಡುತ್ತಾರಾ? ಮುರಿದ ಕೈಗಳ ಮೂಳೆ ಚೆನ್ನಾಗಿ ಕೂಡಿಕೊಂಡಿವೆ, ಅಂದರೆ ಯಾರೋ ಕಟ್ಟು ಹಾಕಿ ನೋಡಿಕೊಂಡಿದ್ದಾರೆ. ಅವರ ಊರನ್ನು ಅಗೆದಾಗ ಬೇಕರಿಗಳು, ರಾಶಿ ರಾಶಿ ದನ, ಕುರಿ, ಮೇಕೆ ಮೂಳೆಗಳು ಸಿಕ್ಕಿವೆ. ಹಾಗಂತ ಎಲ್ಲರೂ ಖುಷಿಯಿಂದಲೇ ಬಂದರು ಅಂತಲ್ಲ. ರಾಜ ಕರೆದರೆ ಬರಲೇಬೇಕಿತ್ತು. ಬೆನ್ನುಮೂಳೆ ಸವೆದಿರುವುದು ನೋಡಿದರೆ ಎಷ್ಟು ಕಷ್ಟಪಟ್ಟಿದ್ದಾರೆ ಅಂತ ಗೊತ್ತಾಗುತ್ತದೆ.

ಅದಕ್ಕೇ ಆ ವಿಡಿಯೊ ನೋಡಿ ನನಗೆ ಬೇಜಾರಾಯಿತು. ಇಷ್ಟು ದುಡಿದವರ ಹೆಸರು ಬರಹದಲ್ಲೇ ಸಿಕ್ಕಿರುವಾಗ ಅವರ ಕೆಲಸವನ್ನು ಸುಮ್ನೆ ಇನ್ಯಾರಿಗೋ ಕೊಡುವುದು ಅನ್ಯಾಯ ಅಲ್ವಾ? ಮೆರೆರ್‌ನ ಹಾಳೆಗಳ ಫೋಟೊ ರಾತ್ರಿ ಹಾಕುತ್ತೇನೆ. ಮಾವ, ಮಕ್ಕಳಿಗೂ ತೋರಿಸಿ.